ಚೀಟಿ ತಂದೀರೇನ್ರಿ?

ಮುದ್ದೇಬಿಹಾಳದ ಬಸ್ ನಿಲ್ದಾಣದ ಎದುರು ನನ್ನದೊಂದು ಔಷಧ ಅಂಗಡಿ ಇತ್ತು. ತೊಂಬತ್ತರ ದಶಕದ ಮಾತು. "ಚೀಟಿ ನೋಡೂದು, ಡಬ್ಬಿ ತಗಿಯೂದು, ಅದೇನು ದೊಡ್ಡ ಕೆಲಸ?" ಎಂದು ನನ್ನ ಹೆಂಡತಿ ಕೇಳುತ್ತಿದ್ದಳು. ಆದರೆ ಆ ಚೀಟಿ ಡಾಕ್ಟರ ಕೈಯಿಂದ ಹೊರಟು ನನ್ನ ಕೈ ಮುಟ್ಟುವುದರೊಳಗೆ ದಿನಕ್ಕೊಂದು ಫಜೀತಿ ಆಗಿಯೇ ತೀರುತ್ತಿತ್ತು. ನನಗೂ ಕೆದಕಿ ಕೇಳುವ ಚಟ. ಹೀಗಾಗಿ ಯಾವುದೂ ನನಗೆ ತಿಳಿಯದೆ ಉಳಿಯುತ್ತಿರಲಿಲ್ಲ.

ಕೀಲಿ ಹಾಕಿದ ಚೀಟಿ

ಒಂದು ಮುಂಜಾನೆ ತಂಗಡಗಿಯ ಅಜ್ಜಿಯೊಬ್ಬಳು ಬಂದಳು.

"ಯಪ್ಪಾ, ನನ್ನ ಬಿ.ಪಿ. ಗುಳಿಗಿ ಕೊಡು."

"ಯಾವ ಗುಳಿಗಿ ಬೇ ಯವ್ವಾ?"

"ಸಣ್ಣದು. ಬೆಳ್ಳಗಿರತೈತಿ."

ನನ್ನ ಹಿಂದಿನ ಕಪಾಟಿನ ತುಂಬ ಇದ್ದವೆಲ್ಲ ಸಣ್ಣವೇ, ಬೆಳ್ಳಗಿನವೇ. "ಚೀಟಿ ಎಲ್ಲೈತಿ? ಇಲ್ಲಾಂದ್ರ ಗುಳಿಗಿ ಖಾಲಿ ಆದ ಪಾಕೀಟರೆ ತರಬೇಕಿತ್ತು" ಎಂದೆ.

"ಪಾಕೀಟು ಒಲಿಗೆ ಹಾಕಿದೆ. ಚೀಟಿ ಕಳೀಬ್ಯಾಡ ಅಂತ ಡಾಕ್ಟರು ಹೇಳಿದ್ರು, ಅದಕ್ಕ ಟ್ರಂಕಿನ್ಯಾಗ ಇಟ್ಟೇನಿ."

ಅಂದಾಜಿನ ಮೇಲೆ ಕೊಡಲು ಅದೇನು ಪೆಪ್ಪರಮೆಂಟೇ? "ಚೀಟಿ ತಂದ್ರ ಅಷ್ಟ ಕೊಡ್ತೇನಿ" ಎಂದು ಕಳಿಸಿದೆ. ಬೈಯುತ್ತಲೇ ಹೋದಳು.

ಮಧ್ಯಾಹ್ನದ ಬಸ್ಸಿಗೆ ಮತ್ತೆ ಬಂದಳು. ಹಿಂದೆ ಕಂಡಕ್ಟರ್, ಅವನ ಹೆಗಲ ಮೇಲೆ ತಗಡಿನ ಟ್ರಂಕು. ಅವನು ಅದನ್ನು ನನ್ನ ಕೌಂಟರಿನ ಮೇಲೆ ಧಡ್ ಎಂದು ಇಳಿಸಿದ.

"ತಗೋ, ಚೀಟಿ ತಂದೇನಿ" ಎಂದಳು ಅಜ್ಜಿ.

"ಕೀಲಿಕೈ ಎಲ್ಲಿ ಬೇ?"

"ಸೊಸಿ ಸೆರಗಿಗೆ ಕಟಗೊಂಡು ತವರಮನಿಗೆ ಹೋಗ್ಯಾಳ. ಇಷ್ಟು ಓದೀದಿ, ಇದನ್ನ ತಗಿಯಾಕ ಬರೂದಿಲ್ಲೇನು ನಿನಗ?"

ಗೆಳೆಯರ ತುರಿಕೆ

ಒಬ್ಬ ಹೆಡ್ಮಾಸ್ತರು ತುರಿಕೆಯ ಮುಲಾಮಿನ ಚೀಟಿ ತಂದರು. ಹೆಸರು ಬರೆದ ಮೇಲಿನ ತುದಿ ನೀಟಾಗಿ ಹರಿದಿತ್ತು.

"ಯಾರಿಗ್ರಿ ಸರ್? ವಯಸ್ಸೆಷ್ಟು?" ಎಂದೆ. ಇದನ್ನು ಕೇಳಲೇಬೇಕು, ದೊಡ್ಡವರಿಗೊಂದು ಔಷಧ, ಕೂಸಿಗೊಂದು.

"ನನಗಲ್ರಿ. ನಮ್ಮ ಸಾಲಿ ಗಣಿತದ ಮಾಸ್ತರಿಗೆ."

"ತುರಿಕಿ ಎಲ್ಲೈತ್ರಿ ಅವರಿಗೆ?"

"ಇಲ್ಲೇ" ಎಂದು ತಮ್ಮ ಬಗಲಿಗೆ ಕೈ ಹಾಕಿದವರು ತಟ್ಟನೆ ಕೈ ಇಳಿಸಿದರು.

ಅರ್ಧ ಗಂಟೆಯಲ್ಲಿ ಅದೇ ಗಣಿತದ ಮಾಸ್ತರು ಬಂದರು. ಅವರ ಚೀಟಿಯ ತಲೆಯೂ ಹರಿದಿತ್ತು. "ನಮ್ಮ ಹೆಡ್ಮಾಸ್ತರಿಗ್ರಿ. ಪಾಪ, ಭಾಳ ಕೆರಕೊಳ್ಳಾಕತ್ತಾರ."

ಮುಂದಿನ ವಾರ ಇಬ್ಬರೂ ಒಂದೇ ಹೊತ್ತಿಗೆ ಬಂದುಬಿಟ್ಟರು. ಒಬ್ಬರು ಗೋಡೆಯ ಕ್ಯಾಲೆಂಡರ್ ಓದುತ್ತ ನಿಂತರು, ಇನ್ನೊಬ್ಬರು ತೂಕದ ಯಂತ್ರ ಹತ್ತಿ ಇಳಿದು, ಮತ್ತೆ ಹತ್ತಿದರು. ಕೊನೆಗೆ ನಾನೇ ಎರಡು ಮುಲಾಮು ತೆಗೆದಿಟ್ಟೆ. "ಸರ್, ಇದನ್ನ ನೀವು ಅವರಿಗೆ ಹಚ್ರಿ. ಮಾಸ್ತರ, ಇದನ್ನ ನೀವು ಇವರಿಗೆ ಹಚ್ರಿ."

ಮೂರನೇ ಸಾಲು

ನಿಡಗುಂದಿ ಕಡೆಯ ರೈತರೊಬ್ಬರು ಹೆಂಡತಿಯ ಕೆಮ್ಮಿಗೆ ಔಷಧ ಒಯ್ಯಲು ಬಂದು ಚೀಟಿ ಕೊಟ್ಟರು. ಬಿಡಿಸಿ ನೋಡಿದೆ: ಹುಣಸಿಹಣ್ಣು, ಉದ್ದಿನ ಬ್ಯಾಳಿ, ಬಟ್ಟಿ ಸಾಬೂನು.

"ಗೌಡ್ರ, ಇದು ಕಿರಾಣಿ ಚೀಟಿ."

ಅವರು ಹೌಹಾರಿದರು. "ಹಂಗಾದ್ರ ಕಿರಾಣಿ ಅಂಗಡ್ಯಾಗ ನಾ ಕೊಟ್ಟು ಬಂದದ್ದು ಯಾವ ಚೀಟಿ?"

ಇಬ್ಬರೂ ಓಡಿದೆವು. ಕಿರಾಣಿ ಸಾಹುಕಾರರು ಹಳೇ ಕಾಲದವರು. ಹಿಂದೆ ವ್ಯಾಪಾರಸ್ಥರು ಮರಾಠಿಯನ್ನು ಗೀಚಿ ಬರೆಯುತ್ತಿದ್ದ ಮೋಡಿ ಲಿಪಿಯಲ್ಲಿ ಪಳಗಿದ ಕಣ್ಣು. ಇಂಗ್ಲಿಷ್ ಒಂದಕ್ಷರವೂ ಬಾರದು. "ಆಗಲೇ ಎಲ್ಲಾ ಕಟ್ಟಿಟ್ಟೇನ್ರಿ" ಎನ್ನುತ್ತ ಡಾಕ್ಟರ ಚೀಟಿಯ ಸಾಲುಗಳ ಮೇಲೆ ಬೆರಳಾಡಿಸಿ ಓದಿದರು. "ಬೆಲ್ಲ ಎರಡು ಕಿಲೋ, ಜೀರಿಗಿ ಪಾವಕಿಲೋ, ಒಣಕೊಬ್ಬರಿ ಅರ್ಧ ಕಿಲೋ." ಎಲ್ಲಿಯೂ ತಡವರಿಸಲಿಲ್ಲ. ನಾನು ಬಗ್ಗಿ ನೋಡಿದೆ. ನೋಡುತ್ತ ನೋಡುತ್ತ ನನಗೂ ಬೆಲ್ಲ ಕಾಣಿಸತೊಡಗಿತು.

"ಸಾಹುಕಾರ್ರ, ಇದು ಡಾಕ್ಟರು ಬರದದ್ದು!"

"ಇರವಲ್ದ್ಯಾಕ? ಅವರ ಮನ್ಯಾಗೂ ಬೆಲ್ಲ ಬೇಕಲ್ರಿ."

ಆದರೆ ಗೌಡರ ಹೆಂಡತಿ ದವಾಖಾನೆಯ ಕಟ್ಟೆಯ ಮೇಲೆ ಕೆಮ್ಮುತ್ತ ಕೂತಿದ್ದಳು. ಚೀಟಿಯ ಮೊದಲ ಸಾಲು ನನಗೆ ತಿಳಿಯಿತು, ಎರಡನೆಯದು ಅನುಮಾನ, ಮೂರನೆಯದು ದೇವರಿಗೇ ಗೊತ್ತು. ಸಂಶಯವಿದ್ದಾಗ ಬರೆದವರನ್ನೇ ಕೇಳಬೇಕು. ಡಾಕ್ಟರ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿ ಚೀಟಿ ಮುಂದಿಟ್ಟೆ.

ಅವರು ಮೂಗಿನ ಮೇಲಿನ ಚಾಳೀಸು ಏರಿಸಿ ನೋಡಿದರು, ಇಳಿಸಿ ನೋಡಿದರು, ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಆಕಿನ್ನ ಇನ್ನೊಮ್ಮೆ ಒಳಗ ಕರೀರಿ" ಎಂದರು. ಮತ್ತೆ ಎದೆ ಪರೀಕ್ಷೆ ಮಾಡಿ, ಸಾಲಿ ಹುಡುಗರಂತೆ ಬಿಡಿಬಿಡಿ ಅಕ್ಷರದಲ್ಲಿ ಹೊಸ ಚೀಟಿ ಬರೆದುಕೊಟ್ಟರು. ಆ ತಾಯಿಯ ಕೆಮ್ಮು ವಾರದಲ್ಲಿ ನಿಂತಿತು.

ಆ ದಿನ ಹೊಸ ಚೀಟಿ ಹಿಡಿದು ನಾನು ಬಾಗಿಲು ದಾಟುತ್ತಿದ್ದಾಗ ಡಾಕ್ಟರು ವಾಪಸ್ ಕರೆದರು. ಹಳೇ ಚೀಟಿ ಇನ್ನೂ ಅವರ ಕೈಯಲ್ಲೇ ಇತ್ತು. ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು:

"ಆ ಸಾಹುಕಾರ್ರು ಮೂರನೇ ಸಾಲು ಏನಂತ ಓದಿದ್ರು ಅಂದ್ರಿ?"