ನಮ್ ದೊರೆಯ ಹಾಡು

ತನ್ನೊಳಗೊಬ್ಬ ಮಹಾ ಗಾಯಕ ಅಡಗಿದ್ದಾನೆಂದು ರಾಜಾಜಿನಗರಕ್ಕೆ ಇನ್ನೂ ಗೊತ್ತಾಗಿಲ್ಲವಲ್ಲ ಎಂಬುದೇ ಚಿಕ್ಕಹನುಮಯ್ಯನ ಕೊರಗು. (ಮನೆಯವರಿಗೆ ಗೊತ್ತಿತ್ತು. ಅವರು ಬಾಯಿ ಬಿಟ್ಟಿರಲಿಲ್ಲ.) ಆಗ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಸಂಜೆಯಾದರೆ ಸೈಟು ತುಂಬ ಮಕ್ಕಳು, ಮಕ್ಕಳ ಬಾಯಲ್ಲೆಲ್ಲ ಒಂದೇ ಹಾಡು:

ಉಪ್ಪು ತಾರಯ್ಯ ಅಂದ್ರೆ ಹೂಂ ಅಂದ
ಸೊಪ್ಪು ತಕೊಂಡು ಮನೆಗೆ ಬಂದ
ಸಪ್ಪೆ ಸಾರಿಗೆ ಮೂತಿ ತಿರುವಿದ
ದೊಪ್ಪನೆ ಬಿದ್ದು ಗೊರಕೆ ಹೊಡೆದ
ನಮ್ ದೊರೆ, ನಮ್ ದೊರೆ!

ಕೋಲಾಟದ ಮಟ್ಟು. ಮಕ್ಕಳು ಕುಣಿದರೆ ಜಗಲಿಯ ಮೇಲಿದ್ದ ಅಪ್ಪ ಅಮ್ಮಂದಿರ ಕಾಲುಗಳೂ ತಾಳ ಹಾಕುತ್ತಿದ್ದವು. ಚಿಕ್ಕಹನುಮಯ್ಯನಂತೂ ಕಾರ್ಖಾನೆಯ ಉಗ್ರಾಣದಲ್ಲಿ ಬೋಲ್ಟು ಎಣಿಸುವಾಗಲೂ ಅದನ್ನೇ ಗುನುಗುತ್ತಿದ್ದ.

"ಎಂಥಾ ಹಾಡು ಕಣೇ! ಪಾಪ, ಆ ಗಂಡಂಗೆ ಬುದ್ಧಿ ಹೇಳೋರು ಯಾರೂ ಇರ್ಲಿಲ್ವೇನೋ" ಎಂದ ಹೆಂಡತಿಗೆ.

"ಹೇಳಿರ್ತಾರೆ. ಕೇಳ್ಬೇಕಲ್ಲ" ಎಂದಳು ಯಶೋದಮ್ಮ, ರೊಟ್ಟಿ ತಟ್ಟುತ್ತ.

ರಾಮನವಮಿಗೆ ಬೀದಿಯವರೆಲ್ಲ ಸೇರಿ ಚಪ್ಪರ ಹಾಕಿದರು. ಪಾನಕ, ಕೋಸಂಬರಿ ಆದಮೇಲೆ ಎದುರುಮನೆಯ ಕೆಂಪಯ್ಯ, "ಯಾರಾದ್ರೂ ಒಂದು ಹಾಡು ಹೇಳ್ರಪ್ಪ" ಎಂದದ್ದೇ ತಡ, ಚಿಕ್ಕಹನುಮಯ್ಯ ಎದ್ದ.

"ಮಹಾಜನರೇ, ಇದು ನಮ್ಮ ವಂಶದ ಆಸ್ತಿ. ನಮ್ಮಜ್ಜಿ ರಾಗಿ ಬೀಸ್ತಾ ಹೇಳೋಳು" ಎಂದು ಶುರುಮಾಡಿಯೇಬಿಟ್ಟ. (ಅವನಜ್ಜಿ ಬೈಗುಳ ಬಿಟ್ಟು ಬೇರೇನೂ ರಾಗವಾಗಿ ಹೇಳಿದವಳಲ್ಲ.) ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಅಭಿನಯವನ್ನೂ ಸೇರಿಸಿದ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು.

ಮುಂದೆ ಕೂತಿದ್ದ ಮಗಳು ಪ್ರಭಾಗೆ ತಡೆಯಲಾಗಲಿಲ್ಲ. "ಅಪ್ಪಾ, ಅಜ್ಜಿದಲ್ಲ, ಅಮ್ಮ ಕಟ್ಟಿದ್ದು! ಅವತ್ತು ನೀನು ಉಪ್ಪು ಮರ್ತು ಸೊಪ್ಪು ತಂದ್ಯಲ್ಲಾ, ಅದು! ಇನ್ನೊಂದು ನುಡೀನೂ ಐತೆ" ಎಂದವಳೇ ಹಾಡಿಬಿಟ್ಟಳು:

ಊರ ಸುದ್ದಿಗೆ ಕಿವಿ ಕೊಟ್ಟ
ನೀರ ಹೊತ್ತೋಳಿಗೆ ಬೆನ್ನು ಕೊಟ್ಟ
ಯಾರ ಹೊಟ್ಟೆ ತುಂಬ್ತೋ ಬಿಡ್ತೋ
ತೇರಿನಂಗೆ ಕುಂತೇ ಬಿಟ್ಟ
ನಮ್ ದೊರೆ, ನಮ್ ದೊರೆ!

ಈ ಸಲ ಹೆಂಗಸರು ನಗಲಿಲ್ಲ. ಗಂಡಸರು ಪಾನಕದ ಲೋಟದ ತಳ ನೋಡಿಕೊಂಡರು.

ಚಿಕ್ಕಹನುಮಯ್ಯನಿಗೆ ಮೊದಲು ಸಿಟ್ಟು ಬಂತು. ಮನೆಗೆ ಬಂದು, "ಬೀದಿ ತುಂಬ ಮಾನ ಕಳೆದ್ಯಲ್ಲೇ! ನಂಗೇ ಹೇಳ್ಬಾರ್ದಿತ್ತಾ?" ಎಂದ.

"ಹೇಳ್ದೆ. ನೀವು ಹೂಂ ಅಂದ್ರಿ" ಎಂದಳು ಯಶೋದಮ್ಮ. ದನಿಯಲ್ಲಿ ಜಗಳವಿರಲಿಲ್ಲ. "ಮಗು ಉಣ್ಣೋಕೆ ಹಟ ಮಾಡ್ತಿತ್ತು. ರಾಗ ಹಾಕಿ ಹೇಳ್ದೆ. ಅವಳಾದ್ರೂ ಕೇಳಿದ್ಲು."

ಅವನ ಸಿಟ್ಟು ಎಲ್ಲಿಗೆ ಹೋಯಿತೋ! ಹೆಂಡತಿ ಎಷ್ಟು ಹೊತ್ತಿಗೆ ಉಣ್ಣುತ್ತಾಳೆ, ಏನು ಉಳಿದಿದ್ದರೆ ಉಣ್ಣುತ್ತಾಳೆ ಎಂದು ನೆನಪಿಸಿಕೊಳ್ಳಲು ನೋಡಿದ. ನೆನಪಾಗಲಿಲ್ಲ. ಮರೆತದ್ದಾದರೆ ತಾನೇ ನೆನಪಾಗುವುದು? ಅವನು ನೋಡಿಯೇ ಇರಲಿಲ್ಲ. ಇಷ್ಟು ದಿನ ಅವಳ ಮಾತನ್ನೇ ಬಾಯಿತುಂಬ ಹಾಡಿಕೊಂಡು ತಿರುಗಿದ್ದ, ಒಂದಕ್ಷರವೂ ತನಗೆಂದು ತಿಳಿಯದೆ.

ಮಾರನೆಯ ದಿನ ಬೆಳಗಾಗುತ್ತಲೇ ಬಿಂದಿಗೆ ಹಿಡಿದು ಬೀದಿ ನಲ್ಲಿಗೆ ಹೋದ. ಅರ್ಧ ನೀರು ದಾರಿಗೆ, ಅರ್ಧ ಪಂಚೆಗೆ. ಬಂದವನೇ, "ಊಟ ಆಯ್ತಾ?" ಎಂದ. ಒಲೆಯೇ ಹೊತ್ತಿರಲಿಲ್ಲ. ಕಾಫಿ ಕುಡಿದು ಮತ್ತೆ ಕೇಳಿದ. ಡ್ಯೂಟಿಗೆ ಹೊರಡುವಾಗ ಕೇಳಿದ. ಗೇಟಿನವರೆಗೆ ಹೋಗಿ ವಾಪಸ್ಸು ಬಂದು ಕೇಳಿದ.

ಸಂಜೆ ಬೀದಿ ತಿರುಗುವಷ್ಟರಲ್ಲಿ ಮಕ್ಕಳು ಕುಣಿಯುತ್ತಿದ್ದರು:

ಊಟ ಆಯ್ತಾ ಅಂತ ಕೇಳ್ದ
ಕೋಟಿ ಸಲ ಮತ್ತೆ ಕೇಳ್ದ
ಕಾಟ ತಾಳ್ನಾರೆ ತಾಯಿ
ಊಟ ಬಡಿಸಿ ಬಾಯಿ ಮುಚ್ಸು
ನಮ್ ದೊರೆ, ನಮ್ ದೊರೆ!

ಒಳಗೆ ಬಂದು ಕೈಕಾಲು ತೊಳೆದು ಕೂತ. ಯಶೋದಮ್ಮ ತಟ್ಟೆ ಇಟ್ಟಳು. ಪಕ್ಕದಲ್ಲೇ ತನ್ನದನ್ನೂ ಇಟ್ಟುಕೊಂಡು ಕೂತಳು.

"ಕೋಟಿ ಅಲ್ಲ ಕಣೇ, ನಾಕೇ ಸಲ ಕೇಳಿದ್ದು" ಎಂದ ಅವನು ಮೆಲ್ಲಗೆ.

"ನಾಕು ಅಂದ್ರೆ ಹಾಡಿಗೆ ಕೂರಲ್ಲ ಕಣ್ರೀ. ಉಣ್ಣಿ" ಎಂದಳು ಅವಳು.