ಕುರಿ ಕರೆಯುವ ದನಿಯನ್ನು ನಾನು ತೊಳೆದದ್ದು

ಮನೆಯಲ್ಲಿ ದನಿ ಮುದ್ರಿಸುವ ಕಂಪ್ಯೂಟರ್ ಇಟ್ಟುಕೊಂಡವರಿಗೆ ಬೇರೆ ಮನರಂಜನೆ ಬೇಕಾಗುವುದಿಲ್ಲ. ಇವತ್ತು ದನಿ ಬರುವುದೇ ಇಲ್ಲ, ನಾಳೆ ಎರಡೆರಡು ಸಲ ಬರುತ್ತದೆ, ನಾಡಿದ್ದು ಬಂದದ್ದು ಯಾರ ದನಿಯೆಂದು ಹಾಡಿದವರಿಗೇ ಗುರುತು ಸಿಗುವುದಿಲ್ಲ. ನಮ್ಮಲ್ಲಿ ಇದೆಲ್ಲ ಎಷ್ಟು ರೂಢಿಯಾಗಿದೆಯೆಂದರೆ, ಒಂದು ವಾರ ಏನೂ ಕೆಡದಿದ್ದರೆ ಏನೋ ಕೆಟ್ಟಿರಬೇಕೆಂದು ನಾನೇ ಎದ್ದು ವೈರು ಮುಟ್ಟಿ ನೋಡುತ್ತೇನೆ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಬೆನ್ನು ನೆಟ್ಟಗಿಟ್ಟು ಕೂಡಬೇಕು, ಕೈ ತೊಳೆಯದೆ ಪಿಯಾನೊ ಮುಟ್ಟಬಾರದು, ಹೊಸ ಯಂತ್ರಕ್ಕೆ ಕೈ ಹಚ್ಚುವ ಮೊದಲು ಅದರ ಸೂಚನೆಗಳನ್ನು ಪೂರ್ತಿ ಓದಬೇಕು ಎಂದು ಸಿಸ್ಟರುಗಳು ಕಲಿಸಿದ್ದನ್ನು ಇಂದಿಗೂ ಬಿಟ್ಟಿಲ್ಲ. ಸೊಲ್ಲಾಪುರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಮೈಕು, ಒಂದು ಲ್ಯಾಪ್‌ಟಾಪು, ಒಂದು ಕೀಬೋರ್ಡು ಇವೆ. ದನಿ ಗೋಡೆಗೆ ಬಡಿದು ಮರಳಬಾರದೆಂದು ಸುತ್ತಲೂ ಸೊಲ್ಲಾಪುರಿ ಚಾದರಗಳನ್ನು ಇಳಿಬಿಟ್ಟಿದ್ದೇನೆ. ಅವಕ್ಕೂ ಇಸ್ತ್ರಿ ಆಗಿದೆ. ಓಣಿಯ ಭಜನೆ, ಸಾಲಿಯ ಪ್ರಾರ್ಥನೆ, ಲಗ್ನದ ಮಂಗಳಾಷ್ಟಕ ಎಲ್ಲ ಇಲ್ಲೇ ಮುದ್ರಣವಾಗುತ್ತವೆ. ಕುರಿಗಳ ಸಲುವಾಗಿ ಮಾತ್ರ ಅಲ್ಲಿಯವರೆಗೆ ಯಾರೂ ಬಂದಿರಲಿಲ್ಲ.

ಮೈಂದರ್ಗಿ ಹತ್ತಿರ ನಮ್ಮ ಹೊಲವಿದೆ. ಬೆಳೆ ತೆಗೆದ ಮೇಲೆ ಗೊಬ್ಬರಕ್ಕೆಂದು ಅಲ್ಲಿ ಮಂದೆ ನಿಲ್ಲಿಸುವ ಕುರಿಗಾರನೂ ಅವನ ಹೆಂಡತಿಯೂ ಒಂದು ಗುರುವಾರ ನಮ್ಮ ಮನೆಗೆ ಬಂದರು. ಅವನಿಗೆ ಚಿಂಚೋಳಿ ಎಂಐಡಿಸಿ ಎಂಬ ಕೈಗಾರಿಕಾ ವಸಾಹತಿನ ಒಂದು ಗೋದಾಮಿನಲ್ಲಿ ವಾಚ್‌ಮನ್ ನೌಕರಿ ಸಿಕ್ಕಿತ್ತು. ಸೋಮವಾರ ಹಾಜರಾಗಬೇಕು. ಇನ್ನು ಮಂದೆ ಕಾಯುವವಳು ಹೆಂಡತಿ.

"ನೌಕ್ರಿ ಛಲೋ ಅದರಿ ಬಾಯಾರ," ಎಂದಳು ಅವಳು. "ಆದ್ರ ಕುರಿ ಇವರ ದನಿಗಷ್ಟಾ ಬರ್ತಾವ. ನಾ ಕರದ್ರ ಮಾರಿ ಎತ್ತಿ ನೋಡ್ತಾವ, ಮತ್ತ ಮೇಯ್ತಾವ."

"ನಿನ್ನ ಮಾತು ಯಾರು ಕೇಳ್ತಾರ?" ಎಂದ ಅವನು.

"ನಿಮ್ಮನ್ನ ನೋಡೇ ಕಲತಾವ."

ಅವನ ದನಿಯನ್ನು ಮೊಬೈಲಿನಲ್ಲಿ ಹಿಡಿದು ನೋಡಿದ್ದರಂತೆ. ಅವನ ಕೂಗಿಗೂ ಹೊಲದ ಗಾಳಿಗೂ ಆ ಪುಟ್ಟ ಮೈಕು ತಾಳದೆ ಬರೀ ಭರ್ರ್ ಎನ್ನುತ್ತಿತ್ತು. ಸೋಮವಾರದೊಳಗೆ ಒಳ್ಳೆಯ ದನಿ ಸಿಗದಿದ್ದರೆ ನೌಕರಿ ಬಿಡಬೇಕು, ಇಲ್ಲವೆ ಮಂದೆ ಮಾರಬೇಕು. ಅವನಿಗೆ ಎರಡೂ ಬೇಕಾಗಿದ್ದವು.

"ಇಷ್ಟೇನಾ?" ಎಂದೆ ನಾನು. "ಕೈ ತೊಳಕೊಂಡು ಒಳಗ ಬರ್ರಿ."

ಸದ್ದಿಲ್ಲದ ಕೂಗು

ಅವನನ್ನು ಮೈಕಿನ ಮುಂದೆ ನಿಲ್ಲಿಸಿ, ಹೆಗಲ ಮೇಲಿನ ಕಂಬಳಿಯನ್ನು ಕೆಳಗಿಡಲು ಹೇಳಿದೆ. "ಕಂಬಳಿ ಇಲ್ದಿದ್ರ ದನಿ ಹೊಂಡಂಗಿಲ್ರಿ," ಎಂದ. ಇರಲಿ ಎಂದೆ. ಕೂಗಿದ. ತೆರೆಯ ಮೇಲಿನ ಹಸಿರು ಗೆರೆ ಜಿಗಿಯಿತು. ಮುದ್ರಣವಾಯಿತು ಎಂದರ್ಥ. ಮರಳಿ ಹಚ್ಚಿದರೆ ಸ್ಪೀಕರಿನಲ್ಲಿ ಉಸಿರೂ ಇಲ್ಲ.

ಇಂಥ ಹೊತ್ತಿನಲ್ಲಿ ಗಾಬರಿಯಾಗಬಾರದು, ಕ್ರಮವಾಗಿ ನೋಡುತ್ತ ಹೋಗಬೇಕು. ವೈರು ನೋಡಿದೆ, ಸರಿ ಇತ್ತು. ಸ್ಪೀಕರಿನ ಗುಂಡಿ ನೋಡಿದೆ, ಸರಿ ಇತ್ತು. ಸಾಫ್ಟ್‌ವೇರನ್ನು ಮುಚ್ಚಿ ಮತ್ತೆ ತೆರೆದೆ. ಸ್ಪೀಕರನ್ನು ನಡೆಸುವ ಡ್ರೈವರ್ ಪ್ರೋಗ್ರಾಮನ್ನು ತೆಗೆದು ಹೊಸದಾಗಿ ಹಾಕಿದೆ. ಪ್ರತಿ ಸಲವೂ ದನಿಯನ್ನು ಇನ್ನಷ್ಟು ಏರಿಸಿ ಹಚ್ಚಿದೆ. ಕೋಣೆಯಲ್ಲಿ ನಿಶ್ಶಬ್ದ. ಕುರಿಗಾರನ ಹೆಂಡತಿ ಲ್ಯಾಪ್‌ಟಾಪಿನ ಹಿಂದೆ ಬಗ್ಗಿ ನೋಡಿ ಬಂದಳು.

ಅಷ್ಟರಲ್ಲಿ ನಮ್ಮ ಯಜಮಾನರು ಪಡಸಾಲೆಯಿಂದ ಬಂದು ಬಾಗಿಲಲ್ಲಿ ನಿಂತರು. ಪೇಪರು ಓದುತ್ತ ಕುಳಿತಿದ್ದವರು ಆಗಿನಿಂದ ಗೇಟಿಗೆ ಹೋಗುವುದು, ಬರುವುದು ಮಾಡುತ್ತಿದ್ದುದನ್ನು ನಾನು ಕಿಟಕಿಯಿಂದ ಕಂಡಿದ್ದೆ.

"ಏ, ಹೊರಗ ಯಾರೋ ಕುರಿ ಹೊಡಕೊಂಡು ಬಂದಾನ ನೋಡು. ಗೇಟಿಗೆ ಹೋದ್ರ ಯಾರೂ ಇಲ್ಲ. ಬಂದು ಕೂತ್ರ ಕಿವ್ಯಾಗಾ ಬಂದು ಕೂಗ್ತಾನ."

ನನಗೆ ತಿಳಿಯಿತು. ಹಿಂದಿನ ದಿನ ಅವರು ನನ್ನ ಲ್ಯಾಪ್‌ಟಾಪಿನಲ್ಲಿ ಕೀರ್ತನೆ ಕೇಳಲೆಂದು ತಮ್ಮ ಕಿವಿಯ ಯಂತ್ರವನ್ನು ಬ್ಲೂಟೂತಿನಿಂದ ಜೋಡಿಸಿಕೊಂಡಿದ್ದರು. ಜೋಡಣೆ ಹಾಗೇ ಉಳಿದಿತ್ತು. ನಾನು ಏರಿಸಿದ ದನಿಯೆಲ್ಲ ನೇರವಾಗಿ ಅವರ ಕಿವಿಗೆ ಹೋಗಿತ್ತು.

"ಕೇಳಸ್ತದಂತ ಆಗಲೇ ಹೇಳಬಾರದಾ?" ಎಂದೆ.

ಅವರು ಯಂತ್ರ ತೆಗೆದು ಜೇಬಿಗಿಟ್ಟುಕೊಂಡರು. "ದಿನಾ ಕೇಳಸವಲ್ದಂದ್ರ ಬೈತಿ. ಇವತ್ತ ಕೇಳಸ್ತದಂದ್ರೂ ಬೈತಿ. ಕಿವುಡಾ ಇರೂದಾ ಬರೋಬ್ಬರಿ ಅದ."

ಆಚೆ ಗುಡ್ಡದವನು

ಬ್ಲೂಟೂತಿನ ಜೋಡಣೆ ಕಳಚಿದೆ, ಸ್ಪೀಕರ್ ಸರಿಯಾಯಿತು. ಆದರೆ ಮೊದಲ ಕೂಗಿನಲ್ಲಿ ಗಾಬರಿ ಇತ್ತು, ಮತ್ತೊಂದು ಹಿಡಿಯೋಣವೆಂದೆ. ತನ್ನ ದನಿ ತನಗೆ ಕೇಳಿಸಿದರೆ ಹದವಾಗಿ ಕೂಗುತ್ತಾನೆಂದು ಅವನ ಕಿವಿಗೆ ಹೆಡ್‌ಫೋನ್ ಹಾಕಿದೆ. ರುಮಾಲು ತೆಗೆಯಲೊಲ್ಲ, ಅದರ ಮೇಲೆಯೇ ಕೂಡಿಸಿದೆ.

ಅವನು ಒಂದು ಸಲ ಕೂಗಿ ಸುಮ್ಮನಾದ. ತಲೆ ವಾರೆ ಮಾಡಿ ಆಲಿಸಿದ. ಮತ್ತೆ ಅರ್ಧ ಕೂಗಿ ನಿಲ್ಲಿಸಿದ. ನಾನು ಕೈ ಸನ್ನೆ ಮಾಡಿದೆ. ಅವನೂ ನನಗೆ ತಡೆಯಿರಿ ಎಂಬಂತೆ ಸನ್ನೆ ಮಾಡಿದ.

"ಏನಾತು?"

"ಆ ಕಡಿ ಮತ್ತೊಬ್ಬಾಂವ ಕರೀಲಾಕತ್ತಾನ್ರಿ ಬಾಯಾರ."

ದನಿ ಮೈಕಿನಿಂದ ಕಂಪ್ಯೂಟರಿನೊಳಗೆ ಹೋಗಿ, ಅಲ್ಲಿಂದ ಹೆಡ್‌ಫೋನಿಗೆ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಕಂಪ್ಯೂಟರಿಗೆ ಹೊರೆ ಹೆಚ್ಚಾದಷ್ಟೂ ತಡ ಹೆಚ್ಚು. ಅವನಿಗೆ ಕೇಳಿಸಿದ್ದು ಅವನದೇ ಕೂಗು, ತಡವಾಗಿ. ಇದನ್ನು ವಿವರಿಸಿದೆ. ಅವನು ಗೌರವದಿಂದ ಪೂರ್ತಿ ಕೇಳಿದ, ನಂಬಲಿಲ್ಲ.

ಕುರಿಗಾರರಲ್ಲಿ ಒಂದು ಪದ್ಧತಿ ಉಂಟಂತೆ. ನೀರಿನ ಹತ್ತಿರ ಎರಡು ಮಂದೆ ಕೂಡಿದಾಗ ಇಬ್ಬರೂ ಒಟ್ಟಿಗೆ ಕರೆಯಬಾರದು. ಕರೆದರೆ ಕುರಿಗಳು ಕಲೆತುಹೋಗುತ್ತವೆ. ಒಬ್ಬ ಕರೆದು ಮುಗಿಸುವ ತನಕ ಮತ್ತೊಬ್ಬ ಬಾಯಿ ಮುಚ್ಚಿ ನಿಲ್ಲಬೇಕು. ಹೀಗಾಗಿ ಇವನು ಹೆಡ್‌ಫೋನಿನವನು ಮುಗಿಸಲೆಂದು ನಿಂತ. ಇವನು ನಿಂತದ್ದಕ್ಕೆ ಅವನೂ ನಿಂತ. ಇವನು ಶುರು ಮಾಡಿದ, ಅವನೂ ಮಾಡಿದ. ಇವನು ನಾಚಿ ಸುಮ್ಮನಾದ.

"ಭಾಳ ಸಭ್ಯ ಮನಷ್ಯಾ ಅದಾನ್ರಿ," ಎಂದ. "ನಾ ನಿಂತ ಕೂಡ್ಲೇ ತಾನೂ ನಿಂದರ್ತಾನ."

ನಾನು ತಡವನ್ನು ತೀರ ಕಡಿಮೆ ಮಾಡಿದೆ. ಕಂಪ್ಯೂಟರಿಗೆ ಅಷ್ಟು ಬೇಗ ಕೆಲಸ ಸಾಗದೆ ದನಿಯೆಲ್ಲ ಚಟಚಟ ಎಂದು ಒಡೆಯಿತು. ಅವನು ಹೌಹಾರಿ, "ಅಂವನ ಕಡಿ ಮಳಿ ಹತ್ತಿತ್ರಿ!" ಎಂದ. ಕೊನೆಗೆ ಹೆಡ್‌ಫೋನ್ ಕಿತ್ತು ಬದಿಗಿಟ್ಟೆ. ಅವನು ಎದೆ ತುಂಬ ಉಸಿರು ತುಂಬಿಕೊಂಡು ಕೂಗಿದ. ಚಾದರಗಳು ಅಲುಗಿದವು. ಅದೇ ಒಳ್ಳೆಯದೆಂದು ಇಟ್ಟುಕೊಂಡೆ.

ಹೋಗುವಾಗ ಹೊಸ್ತಿಲಲ್ಲಿ ನಿಂತು, ಹೆಂಡತಿಗೆ ಕೇಳಿಸದಂತೆ ದನಿ ತಗ್ಗಿಸಿ ಹೇಳಿದ: "ಒಂದ್ ಮಾತು ಬಾಯಾರ. ಅಂವನ ದನಿ ನನ್ನದಕಿಂತ ಮಸ್ತ್ ಅದ. ಕುರಿಗೆ ಅಂವಂದಾ ಹಾಕ್ರಿ, ನಂದ್ ಬ್ಯಾಡ."

ತೊಳೆದ ದನಿ

ಶುಕ್ರವಾರ ಇಡೀ ದಿನ ಆ ಕೂಗಿನ ಮುಂದೆ ಕುಳಿತೆ. ಅದರ ಸ್ಥಿತಿ ನೋಡಲಾಗುತ್ತಿರಲಿಲ್ಲ. ಕೂಗಿಗೆ ಮೊದಲು ಬೀಡಿ ಸೇದಿದವನ ದೊಡ್ಡ ಕೆಮ್ಮು. ಕೆಮ್ಮಿನ ಹಿಂದೆ ಗಂಟಲು ಕೆರೆಯುವುದು. ನಡುವೆ ಕಂಬಳಿಯ ಸರಸರ. ಕೂಗು ಕೂಡ ಒಂದು ಸ್ವರದಲ್ಲಿ ಹುಟ್ಟಿ ಯಾವ ಸ್ವರವೂ ಅಲ್ಲದ ಕಡೆ ಹೋಗಿ ಬೀಳುತ್ತಿತ್ತು. ನನ್ನ ಕೋಣೆಯಿಂದ ಇಂಥದ್ದು ಹೊರಗೆ ಹೋಗುವುದು ನನಗೆ ಒಪ್ಪಿಗೆಯಿಲ್ಲ.

ಸಾಫ್ಟ್‌ವೇರಿಗೆ ಪ್ಲಗಿನ್ ಎಂಬ ಪುಟ್ಟ ಉಪಕರಣಗಳನ್ನು ಸೇರಿಸಬಹುದು. ಒಂದು ಗದ್ದಲ ತೆಗೆಯುತ್ತದೆ, ಒಂದು ಅಪಸ್ವರ ತಿದ್ದುತ್ತದೆ, ಒಂದು ದನಿಯನ್ನು ದೊಡ್ಡ ಸಭಾಂಗಣದಲ್ಲಿ ಹಾಡಿದಂತೆ ಮೊಳಗಿಸುತ್ತದೆ. ಗದ್ದಲ ತೆಗೆಯುವುದನ್ನು ಹಚ್ಚಿದೆ. ಕೆಮ್ಮು, ಕಂಬಳಿ ಎಲ್ಲ ಮಾಯವಾದವು. ಸ್ವರ ತಿದ್ದುವುದನ್ನು ಹಚ್ಚಿದೆ. ಕೂಗು ಮೆಟ್ಟಿಲು ಹತ್ತಿದಂತೆ ಒಂದೊಂದೇ ಸ್ವರ ಹಿಡಿದು ಏರಿತು. ಕೊನೆಗೆ ಸಭಾಂಗಣ. ಮುಗಿಸಿ ಕೇಳಿದರೆ ನನಗೇ ಕಣ್ಣು ತುಂಬಿತು.

ಶನಿವಾರ ಅಕ್ಕಲಕೋಟೆಯಿಂದ ನಮ್ಮ ನಾದಿನಿ ಬಂದಳು. ಯಜಮಾನರ ತಂಗಿ, ಅಲ್ಲಿನ ಹೆಣ್ಣುಮಕ್ಕಳ ಭಜನಾ ಮಂಡಳದ ಮುಖ್ಯಸ್ಥೆ. ನನ್ನ ಯಾವ ಕೆಲಸವನ್ನೂ ಹೊಗಳಿದವಳಲ್ಲ. ಇದನ್ನು ಕೇಳಿ ಕಣ್ಣು ಮುಚ್ಚಿ ಕೈ ಮುಗಿದಳು.

"ವೈನಿ, ಅಂಗ ಝುಂ ಅಂತು ನೋಡ್ರಿ. ಯಾವ ದೇವರದ ಇದು?"

ನಾನು ಉತ್ತರ ಹೇಳುವ ಮೊದಲೇ ಫೋನಿನಲ್ಲಿ ಹಿಡಿದು ಮಂಡಳದ ಗುಂಪಿಗೆ ಕಳಿಸಿಬಿಟ್ಟಳು. ಕೈ ಮುಗಿಯುವ ಚಿತ್ರಗಳು ಸಾಲುಸಾಲಾಗಿ ಬಂದವು. ಒಬ್ಬರಿಗೆ ಮೊಣಕಾಲ ನೋವು ಇಳಿದಂತೆಯೂ ಆಯಿತಂತೆ.

"ಗುರುವಾರ ನಮ್ಮ ಮಂಡಳದಾಗ ಇದನ್ನ ಹಾಡಸ್ತೀವಿ," ಎಂದಳು. "ಅರ್ಥ ಏನು ವೈನಿ?"

"ಕುರಿಗಳನ್ನ ಕರಿಯೂದು ಅದು," ಎಂದೆ. "ಮೇದದ್ದು ಸಾಕು, ಬರ್ರಿ ಅಂತ."

ನಾದಿನಿ ಫೋನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಗಂಭೀರವಾಗಿ ಹೇಳಿದಳು:

"ಅದಕ್ಕಾ ನಮ್ಮ ಮಂಡಳಕ್ಕ ಇಷ್ಟ್ ಲಗೂ ತಿಳೀತು."

ಕುರಿಗಳ ತೀರ್ಪು

ಭಾನುವಾರ ಯಜಮಾನರೂ ನಾನೂ ಕಾರಿನಲ್ಲಿ ಲ್ಯಾಪ್‌ಟಾಪು, ಕೈಯಲ್ಲಿ ಹಿಡಿಯುವ ಸ್ಪೀಕರು ಇಟ್ಟುಕೊಂಡು ಹೊಲಕ್ಕೆ ಹೋದೆವು. ಮಂದೆ ದೂರದ ಬದುವಿನ ಹತ್ತಿರ ಮೇಯುತ್ತಿತ್ತು. ಕುರಿಗಾರ ಕಾಣಿಸಬಾರದೆಂದು ಬೇವಿನ ಮರದ ಹಿಂದೆ ನಿಂತ. ಹೆಂಡತಿ ಸ್ಪೀಕರು ಹಿಡಿದು ಹೊಲದ ನಡುವೆ ನಿಂತಳು. ಹಚ್ಚಿದೆ.

ದನಿ ಮೈಂದರ್ಗಿಯ ಬಯಲಿನಲ್ಲಿ ಸಭಾಂಗಣದಂತೆ ಮೊಳಗಿತು. ಕುರಿಗಳು ಒಟ್ಟಿಗೆ ತಲೆ ಎತ್ತಿದವು. ಪೂರ್ತಿ ಕೇಳಿದವು. ಒಂದು ಮುದಿ ಕುರಿ ಕಾಲು ಮಡಿಸಿ ನೆಲಕ್ಕೆ ಕುಳಿತಿತು. ಬಂದದ್ದು ಒಂದೂ ಇಲ್ಲ.

"ಕೈ ಒಂದ್ ಮುಗೀಲಿಲ್ಲ ಅಷ್ಟ," ಎಂದರು ಯಜಮಾನರು.

ಮತ್ತೆ ಹಚ್ಚಿದೆ. ಮತ್ತೆ ಅದೇ ಭಕ್ತಿ. ಕುರಿಗಾರ ಮರದ ಹಿಂದಿನಿಂದ ಬಂದು ರುಮಾಲು ತೆಗೆದು ಬೆವರು ಒರೆಸಿಕೊಂಡ. "ಹೋಗ್ಲಿ ಬಿಡ್ರಿ ಬಾಯಾರ. ನಾಳಿ ಹೋಗಂಗಿಲ್ಲಂತ ಫೋನ್ ಮಾಡ್ತೀನಿ." ಹೆಂಡತಿ ಸ್ಪೀಕರನ್ನು ಸೆರಗಿನಿಂದ ಒರೆಸುತ್ತ ನೆಲ ನೋಡುತ್ತಿದ್ದಳು. ಅವನ ಹೊಸ ಸಮವಸ್ತ್ರಕ್ಕೆ ಅವಳು ಹಿಂದಿನ ದಿನವೇ ಗುಂಡಿ ಹಚ್ಚಿ ಇಟ್ಟಿದ್ದಳು.

"ಯಾರೂ ಎಲ್ಲೂ ಫೋನ್ ಮಾಡೂದಿಲ್ಲ," ಎಂದೆ. "ಮರದ ಹಿಂದ ನಡೀರಿ."

ಅವನ ಕಂಬಳಿ ಹಾಸಿಕೊಂಡು ಹೊಲದಲ್ಲೇ ಸ್ಪೀಕರಿನ ಪಕ್ಕ ಬೆನ್ನು ನೆಟ್ಟಗೆ ಮಾಡಿ ಕುಳಿತು ಲ್ಯಾಪ್‌ಟಾಪು ತೆರೆದೆ. ದೋಷ ಎಲ್ಲಿದೆ ತಿಳಿಯದಿದ್ದರೆ ಹಾಕಿದ್ದನ್ನು ಒಂದೊಂದಾಗಿ ತೆಗೆಯುತ್ತ ಬರಬೇಕು, ಅದೇ ಕ್ರಮ. ಸಭಾಂಗಣ ಬಂದ್ ಮಾಡಿ ಹಚ್ಚಿದೆ. ಕುಳಿತಿದ್ದ ಮುದಿ ಕುರಿ ಎದ್ದು ಮೇಯತೊಡಗಿತು. ಸ್ವರ ತಿದ್ದುವುದನ್ನು ಬಂದ್ ಮಾಡಿದೆ. ಕೆಲವು ಕಿವಿಗಳು ನಿಮಿರಿದವು. ಉಳಿದದ್ದು ಗದ್ದಲ ತೆಗೆಯುವುದೊಂದೇ. ಅದನ್ನು ಬಂದ್ ಮಾಡಲು ನನ್ನ ಬೆರಳು ಬಹಳ ಹೊತ್ತು ಒಪ್ಪಲಿಲ್ಲ. ಕೊನೆಗೆ ಬಂದ್ ಮಾಡಿದೆ.

ಸ್ಪೀಕರಿನಲ್ಲಿ ಕೆಮ್ಮು ಬಂತು. ಕೂಗು ಇನ್ನೂ ಬಂದೇ ಇರಲಿಲ್ಲ, ಬರೀ ಕೆಮ್ಮಿಗೇ ಮಂದೆ ತಿರುಗಿತು. ಗಂಟಲು ಕೆರೆಯುವ ಹೊತ್ತಿಗೆ ಓಡಿತು. ಕೂಗು ಬರುವುದರೊಳಗೆ ಮುಂದಿನ ಕುರಿಗಳು ನಾನು ಕುಳಿತ ಕಂಬಳಿಯ ಮೇಲಿದ್ದವು. ಒಂದು ಲ್ಯಾಪ್‌ಟಾಪಿನ ಮೇಲೆ ಮೂತಿ ಇಟ್ಟಿತ್ತು.

ಹೆಂಡತಿ ಕುಣಿದಾಡಿದಳು. "ಖರೇ ಅದರಿ! ಇವರು ಕೆಮ್ಮಿದ್ರ ನಾನೂ ಚಹಾಕ್ಕ ಇಡ್ತೀನಿ!"

ಕೆಮ್ಮುವಾಗ ಬಾಯಿಗೆ ಕರವಸ್ತ್ರ ಹಿಡಿಯಬೇಕೆಂದು ಕಲಿತ ನಾನು ಆ ಸಂಜೆ ಅವಳ ಮೊಬೈಲಿಗೆ ಕೆಮ್ಮು, ಗಂಟಲು, ಕಂಬಳಿ ಸಹಿತ ಎಲ್ಲವನ್ನೂ ಹಾಕಿಕೊಟ್ಟೆ. ಯಜಮಾನರು ಕಾರಿನಲ್ಲಿ ಕುಳಿತು ಕೇಳಿದರು: "ಏ, ನಿನ್ನ ಕಾನ್ವೆಂಟಿನಾಗ ಇದಕ್ಕ ಎಷ್ಟ್ ಮಾರ್ಕ್ ಕೊಡ್ತಿದ್ರು?"

ರಜೆಯ ಮೇಲೆ ಬಂದವನು

ಅವನು ಸೋಮವಾರ ನೌಕರಿಗೆ ಹಾಜರಾದ. ಅವಳು ಮೊಬೈಲಿನಿಂದ ಮಂದೆ ನಡೆಸಿದಳು. ಅವನು ಮೊದಲ ಸಲ ರಜೆ ಪಡೆದು ಬಂದ ದಿನ ನಾವೂ ಹೊಲದಲ್ಲಿದ್ದೆವು.

ಗುರುತೇ ಸಿಗದಂತಾಗಿದ್ದ. ಗೋದಾಮಿನ ತುಂಬ ಹತ್ತಿಯ ನೂಲು. ಬೀಡಿ, ಕಡ್ಡಿಪೆಟ್ಟಿಗೆ ಗೇಟಿನ ಹತ್ತಿರವೂ ಬರುವಂತಿಲ್ಲ. ಹೀಗಾಗಿ ಬೀಡಿ ಬಿಟ್ಟಿತ್ತು. ಗಲ್ಲ ತುಂಬಿತ್ತು. ಕಾಲಲ್ಲಿ ಬೂಟು. ಕಂಬಳಿ ಇಲ್ಲದೆಯೂ ಮಾತು ಸಲೀಸಾಗಿ ಹೊರಡುತ್ತಿತ್ತು.

"ಇವತ್ತ ಫೋನ್ ಬ್ಯಾಡ," ಎಂದ ಹೆಂಡತಿಗೆ. "ಮಾಲಕ ಬಂದಾನ." ಬದುವಿನ ಮೇಲೆ ನಿಂತು, ಟೊಪ್ಪಿಗೆ ಸರಿ ಮಾಡಿಕೊಂಡು ಕೂಗಿದ.

ಎಂಥ ದನಿ! ಕಫವಿಲ್ಲ, ಒಡಕಿಲ್ಲ, ಗಂಟೆ ಬಾರಿಸಿದ ಹಾಗೆ. ಶುಕ್ರವಾರ ಇಡೀ ದಿನ ಕುಳಿತು ನಾನು ಮಾಡಿದ್ದನ್ನು ಗೋದಾಮು ತಾನಾಗಿ ಮಾಡಿತ್ತು.

ಕುರಿಗಳು ಮಾರಿ ಎತ್ತಿ ನೋಡಿ ಮತ್ತೆ ಮೇಯತೊಡಗಿದವು.

ಇನ್ನೊಮ್ಮೆ ಕೂಗಿದ. ಮತ್ತೊಮ್ಮೆ, ಹೆಸರು ಹಿಡಿದು ಕೂಗಿದ. ಬೇಕೆಂದೇ ಕೆಮ್ಮಲು ನೋಡಿದ, ಕೆಮ್ಮು ಬರಲಿಲ್ಲ. "ಏ, ನಾ ಅದೀನಿ!" ಎಂದು ಚೀರಿದ. ಒಂದು ಮರಿ ಬಾಲ ಅಲುಗಿಸಿತು, ನೊಣಕ್ಕೆ.

ಹೆಂಡತಿ ಸೊಂಟದ ಚೀಲದಿಂದ ಮೊಬೈಲ್ ತೆಗೆದು ಒತ್ತಿದಳು. ಒಂದು ಕೆಮ್ಮು. ಇಡೀ ಮಂದೆ ಧೂಳೆಬ್ಬಿಸಿ ಓಡಿ ಬಂತು. ನಡುವೆ ನಿಂತಿದ್ದ ಮಾಲಕನನ್ನು ಬೂಟಿನ ಸಮೇತ ಕೆಡವಿ, ದಾಟಿ ಹೋಗಿ ಅವಳ ಸುತ್ತ ನಿಂತಿತು.

ಅವನು ಎದ್ದು ಸಮವಸ್ತ್ರ ಝಾಡಿಸಿಕೊಂಡ. ಅಳುವವನಂತೆ ಕಂಡ. "ಇಷ್ಟ್ ವರ್ಷಾ ಸಾಕೀನಿ. ಇನ್ನ ಈ ಮನ್ಯಾಗ ನನ್ ಮಾತಿಗೆ ಕಿಮ್ಮತ್ತಿಲ್ಲೇನು?"

"ಹಂಗ್ಯಾಕ ಅಂತೀರಿ?" ಎಂದಳು ಅವಳು, ಅವನ ಟೊಪ್ಪಿಗೆ ಎತ್ತಿಕೊಟ್ಟು ಮೊಬೈಲನ್ನು ಚೀಲಕ್ಕೆ ಹಾಕಿಕೊಳ್ಳುತ್ತ. "ಮಾತು ನಿಮ್ದಾ ನಡೀತದ. ಬಟನ್ ಅಷ್ಟ ನನ್ ಕೈಯಾಗ ಅದ."