ಕುತ್ತಿಗೆಗೆ ಬಡಿದ ಗಾಳಿ

ರಾದಿವೊಯೆ ಕಚೇರಿಯ ಗೋಡೆಗಿದ್ದ ತಂತಿಗಳ ಪೆಟ್ಟಿಗೆಯೊಳಗಿಂದ ಉಣ್ಣೆಯ ಶಾಲನ್ನು ಎಳೆದ. ಶಾಲಿನ ಹಿಂದೆ ಒಂದು ಸ್ವೆಟರು ಬಂತು, ಸ್ವೆಟರಿನ ಹಿಂದೆ ಒಂದು ಕಾಲುಚೀಲ. ಒಳಗೆ ಕ್ಯಾಮೆರಾಗಳ ತಂತಿಗಳೆಲ್ಲ ಬಂದು ಸೇರುವ ಹೊಸ ನೆಟ್‌ವರ್ಕ್ ಸ್ವಿಚ್ಚು ಕಾದ ಬಾಣಲೆಯ ಹಾಗೆ ಸುಡುತ್ತಿತ್ತು.

"ಯಾರು ಇದಕ್ಕೆ ಬಾಣಂತಿ ಥರ ಹೊದಿಸಿ ಮಲಗಿಸಿದ್ದು?"

"ನಾನೇ," ಎಂದಳು ಪೆಟ್ಟಿಗೆಗೆ ಬೆನ್ನು ಹಾಕಿ ತನ್ನ ಮೇಜಿನಲ್ಲಿ ಕೂತಿದ್ದ ಲೆಕ್ಕಪತ್ರ ವಿಭಾಗದ ದೇಸಾಂಕಾ, ಕಾಫಿ ಕಪ್ಪು ಕೆಳಗಿಡದೆ. "ಬೆಳಗಿನಿಂದ ಕುತ್ತಿಗೆಗೆ ಊದ್ತಾ ಇದೆ. ಅಡ್ಡಗಾಳಿ, ಮಗಾ. ನಮ್ಮ ಮಾವ ಸತ್ತಿದ್ದೇ ಅಡ್ಡಗಾಳಿಯಿಂದ."

"ನಿಮ್ಮ ಮಾವ ಟ್ರ್ಯಾಕ್ಟರ್ ಅಡಿಗೆ ಸಿಕ್ಕಿ ಸತ್ತಿದ್ದು. ಊರಿಗೇ ಗೊತ್ತು."

"ಟ್ರ್ಯಾಕ್ಟರ್ ಬಂದಾಗ ಯಾಕೆ ತಿರುಗಿ ನೋಡ್ಲಿಲ್ಲ? ಕುತ್ತಿಗೆ ಹಿಡ್ಕೊಂಡಿತ್ತು."

ರಾದಿವೊಯೆಯ ನೆತ್ತಿಗೆ ರಕ್ತ ಏರಿತು. ಸೆರ್ಬಿಯಾದ ತಿಮೋಕ್ ನದಿಯ ದಂಡೆಯ ಆ ಪುರಸಭೆಯಲ್ಲಿ ಅವನು ವರ್ಷಗಳಿಂದ ಹಂಗಾಮಿ ನೌಕರ. ಈ ಮಧ್ಯಾಹ್ನ ಅಧ್ಯಕ್ಷರು ಬಂದು ಚೌಕದ ಹೊಸ ಕ್ಯಾಮೆರಾಗಳನ್ನು ನೋಡುವವರಿದ್ದರು. ಅವು ಓಡಿದರೆ ಅವನ ಕೆಲಸ ಖಾಯಂ ಎಂದು ಮುಖ್ಯಾಧಿಕಾರಿ ಗ್ವೋಜ್ದೆನ್ ಮಾತು ಕೊಟ್ಟಿದ್ದರು.

ಹಳೆಯ ಸ್ವಿಚ್ಚು ಪಾಪದ ಪ್ರಾಣಿ. ಮೇಜಿನ ಫೋನುಗಳಿಗೆ ಒಂದಿಷ್ಟು ಕರೆಂಟು ಹಂಚಿಕೊಂಡು ಸದ್ದಿಲ್ಲದೆ ಬಿದ್ದಿತ್ತು. ಹೊಸ ಕ್ಯಾಮೆರಾಗಳು ಹಾಗಲ್ಲ. ಕತ್ತು ತಿರುಗಿಸುತ್ತವೆ, ಹಿಮ ಬಿದ್ದರೆ ಮೈ ಕಾಯಿಸಿಕೊಳ್ಳುತ್ತವೆ, ಬೀಗರೂಟಕ್ಕೆ ಬಂದವರ ಹಾಗೆ ಉಣ್ಣುತ್ತವೆ. ಅಷ್ಟನ್ನೂ ಚಿತ್ರ ತರುವ ಅದೇ ತಂತಿಯಲ್ಲಿ ಉಣಿಸಬೇಕಾದ ಹೊಸ ಸ್ವಿಚ್ಚಿಗೆ ಸೆಕೆ ಆಗದೆ ಇರುತ್ತದೆಯೇ? ಅದಕ್ಕೇ ಬಿಸಿ ಹೊರಗೆ ಊದಲು ಬೆನ್ನಿಗೆ ಫ್ಯಾನುಗಳು.

"ಇನ್ನೊಂದು ಸಲ ಮುಚ್ಚಿದ್ರೆ ನಿಮ್ಮನ್ನೇ ಅದರೊಳಗೆ ಮಡಚಿ ಇಡ್ತೀನಿ," ಎಂದು ಗದರಿ, ಚೌಕದ ಕ್ಯಾಮೆರಾ ನೋಡಲು ಹೊರಟ. ಹೋಗುವಾಗ ಮೊದಲು ಕಿಟಕಿ ಮುಚ್ಚಿದ, ಆಮೇಲೆ ಬಾಗಿಲು ತೆರೆದ. ಎರಡನ್ನೂ ಒಟ್ಟಿಗೆ ತೆರೆದರೆ ಅಡ್ಡಗಾಳಿ ಹೊಡೆಯುತ್ತದೆಂದು ಅವನ ತಾಯಿಯೂ ಅನ್ನದ ಜೊತೆಗೇ ಕಲಿಸಿದ್ದಳು.

ಅವನು ಕಂಬದ ಕೆಳಗೆ ನಿಂತಿದ್ದ ಹಾಗೆಯೇ ಕ್ಯಾಮೆರಾ ನಿದ್ದೆ ಬಂದ ಕೋಳಿಯಂತೆ ತಲೆ ಇಳಿಬಿಟ್ಟಿತು. ಓಡಿ ಬಂದ. ಮದುವೆ ನೋಂದಣಿಯ ಸ್ಲಾವಿತ್ಸಾ ಪೆಟ್ಟಿಗೆಯ ಗಾಳಿಕಂಡಿಗಳಿಗೆಲ್ಲ ರಟ್ಟು ಇಟ್ಟು ಅಂಟುಪಟ್ಟಿ ಸುತ್ತುತ್ತಿದ್ದಳು.

"ದೇಸಾಂಕಾ ಅಕ್ಕಂಗೆ ನೀನು ಶಾಲು ಬೇಡ ಅಂದ್ಯಂತೆ. ಇದು ಶಾಲಲ್ಲ."

ಅವನು ರಟ್ಟನ್ನು ಹರಿದು ಚೂರು ಮಾಡಿದ. ಗಲಾಟೆ ಕೇಳಿ ಗ್ವೋಜ್ದೆನ್ ಬಂದರು. ಕೈಯಲ್ಲಿ ರಾಕಿಯಾ ಸಾರಾಯಿಯ ಬಾಟಲಿ. ಅರ್ಧ ದೇಸಾಂಕಾಳ ಕುತ್ತಿಗೆಗೆ ತಿಕ್ಕಲು, ಅರ್ಧ ತಮ್ಮ ಗಂಟಲಿಗೆ.

"ಅಧ್ಯಕ್ಷರು ಬರೋ ತನಕ ಫ್ಯಾನ್ ಆರಿಸಿಡು ತಮ್ಮಾ. ಬಂದ ಮೇಲೆ ಹಾಕು."

"ಅಧ್ಯಕ್ಷರು ಬರೋ ತನಕ ನೀವು ಉಸಿರು ಕಟ್ಕೊಂಡಿರಿ ಸಾರ್. ಬಂದ ಮೇಲೆ ಬಿಡಿ."

ಇವರನ್ನು ನಂಬಿ ಫಲವಿಲ್ಲ. ರಾದಿವೊಯೆ ಒಂದು ಸ್ಟೂಲು ಎಳೆದು ಪೆಟ್ಟಿಗೆಯ ಮುಂದೆಯೇ, ಫ್ಯಾನುಗಳಿಗೆ ಬೆನ್ನು ಕೊಟ್ಟು, ಕಾವಲುನಾಯಿಯಂತೆ ಕೂತ. ಹಲ್ಲು ಕಡಿಯುತ್ತ ಮಧ್ಯಾಹ್ನದವರೆಗೂ ಕೂತ. ಯಾರೂ ಹತ್ತಿರ ಸುಳಿಯಲಿಲ್ಲ.

ಅಧ್ಯಕ್ಷರು ಬಂದರು. ಪರದೆಯ ಮೇಲೆ ಚೌಕ ಮೂಡಿತು, ಕ್ಯಾಮೆರಾ ಕತ್ತು ಹೊರಳಿಸಿ ಅವರದೇ ಕಾರನ್ನು ತೋರಿಸಿತು. ಅವರು ಚಪ್ಪಾಳೆ ತಟ್ಟಿ, ಗ್ವೋಜ್ದೆನ್ ಅವರ ಕೈಕುಲುಕಿ ಹೊರಟುಹೋದರು.

"ಗೆದ್ದೆ ಕಣೋ," ಎಂದರು ಗ್ವೋಜ್ದೆನ್. "ಕೆಲಸ ಖಾಯಂ. ದೇಸಾಂಕಾಗೆ ಮೇಲಿನ ಕೋಣೆ ಕೊಟ್ಟಿದ್ದೀನಿ. ಇವತ್ತಿಂದ ಅವಳ ಈ ಮೇಜು ನಿಂದು. ನಿವೃತ್ತಿ ತನಕ ಇಲ್ಲೇ ಕೂತು ನಿನ್ನ ಪೆಟ್ಟಿಗೇನ ಕಾಯಿ. ಬೇರೆ ಜಾಗ ಇಲ್ಲ, ಅದು ನೆನಪಿರಲಿ."

ದೇಸಾಂಕಾ ಆಗಲೇ ತನ್ನ ಹೂಕುಂಡ ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ರಾದಿವೊಯೆ ಅವಳ ಖಾಲಿ ಕುರ್ಚಿಯನ್ನು ನೋಡಲು ಕತ್ತು ಹೊರಳಿಸಿದ. ಕತ್ತು ಹೊರಳಲಿಲ್ಲ. ಹೆಗಲಿನಿಂದ ಕಿವಿಯವರೆಗೆ ಮರಗಟ್ಟಿತ್ತು. ಹಳೇ ಬೀರುವನ್ನು ಸರಿಸುವ ಹಾಗೆ ಇಡೀ ಮೈಯನ್ನೇ ತಿರುಗಿಸಿ ಕುರ್ಚಿಯನ್ನು ನೋಡಿದ, ಅದರ ಹಿಂದೆ ಭರ್ರೆನ್ನುವ ಫ್ಯಾನುಗಳನ್ನು ನೋಡಿದ.

"ಈ ಗಾಳೀಲಾ?" ಎಂದ. "ನಾನು ಕೂರಲ್ಲ."